ಕಾಶವ್ವನ ಕೊರಡು

ನೆಲದ ಮಾತು ಕಿವಿಗೆ ಕೇಳುವುದಿಲ್ಲ, ಅಂಗಾಲಿಗೆ ಕೇಳುತ್ತದೆ ಎಂದು ಕಾಶವ್ವನ ಅಪ್ಪ ಹೇಳುತ್ತಿದ್ದ. ಹುನಗುಂದದ ಕಡೆಯ ಎರೆಹೊಲ ಅವನದು. ಬಿತ್ತುವ ಮುಂಚೆ ಹೆಂಟೆ ಒಡೆದು ನೆಲ ಸಮ ಮಾಡಲು ಎತ್ತುಗಳ ಹಿಂದೆ ಉದ್ದನೆಯ ಕೊರಡು ಕಟ್ಟಿ ಎಳೆಸುತ್ತಾರೆ. ಆ ಕೊರಡಿನ ಮೇಲೆ ಭಾರ ಬೇಕು. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಎಂಟು ವರ್ಷದ ಕಾಶವ್ವನನ್ನೇ ಎತ್ತಿ ನಿಲ್ಲಿಸಿದ.

"ಕೆಳಗ ನೋಡಬ್ಯಾಡ ಮಗಳ. ಕೆಳಗಿಂದು ಕಾಲು ನೋಡಕೋತಾವು. ನೀ ಬದುವಿನ ಗಿಡಾ ನೋಡು."

ಭಾರಕ್ಕೆಂದು ನಿಂತ ಹುಡುಗಿಗೆ ತನ್ನ ಮೈಗೆ ಭಾರವೇ ಇಲ್ಲ ಅನ್ನಿಸಿತು. ಅಲ್ಲಿಂದ ಮದುವೆಯಾಗುವ ತನಕ, ಪ್ರತಿ ವರ್ಷ ಎತ್ತು ಹೂಡುವ ಮೊದಲೇ ಅವಳು ಕೊರಡಿನ ಮೇಲಿರುತ್ತಿದ್ದಳು.

ದೇವರು ಕೊಟ್ಟದ್ದನ್ನು ಕೆಲವೊಮ್ಮೆ ಎಲ್ಲೋ ದೂರದಲ್ಲಿ ಬಚ್ಚಿಟ್ಟಿರುತ್ತಾನೆ. ಕಾಶವ್ವನ ಪಾಲಿನದನ್ನು ಅವನು ಮುಂಬಯಿಯಲ್ಲಿಟ್ಟಿದ್ದ. ಪವಾಯಿ ಕೆರೆಯ ಮಗ್ಗುಲಿಗೆ ದೊಡ್ಡ ಕಾಲೇಜಿನ ಹೊಸ ಹಾಸ್ಟೆಲ್ ಏಳುತ್ತಿತ್ತು. ಕೂಲಿಗಳ ಮುಕಾದಮ ಧರ್ಮಣ್ಣ ಊರಿನಿಂದ ಕರೆತಂದಿದ್ದ ಗುಂಪಿನಲ್ಲಿ ಅವಳೂ ಸಿಮೆಂಟು ಹೊರುತ್ತಿದ್ದಳು. ವಿಕ್ರೋಳಿಯಿಂದ ಮಿಕ್ಸರ್ ರಿಪೇರಿಗೆ ಬರುತ್ತಿದ್ದ ಫಿಟ್ಟರ್ ಅಮೀರಸಾಬ, ಚೀಲ ಸಾಗಿಸಲು ಅನುಕೂಲವಾಗಲೆಂದು ಒಂದು ಸೆಂಟ್ರಿಂಗ್ ಹಲಗೆಯ ಕೆಳಗೆ ನಾಲ್ಕು ಹಳೆಯ ಬೇರಿಂಗುಗಳನ್ನು ಗಾಲಿಯಾಗಿ ಕೂಡಿಸಿಕೊಟ್ಟ. ಒಂದು ಸಂಜೆ ಚೀಲ ಇಳಿಸಿದ ಮೇಲೆ ಕಾಶವ್ವ ಆ ಖಾಲಿ ಹಲಗೆಯ ಮೇಲೆ ಒಂದು ಕಾಲಿಟ್ಟಳು. ಆಮೇಲೆ ಇನ್ನೊಂದು. ಹಲಗೆ ಇಳಿಜಾರಿನಲ್ಲಿ ಹತ್ತು ಮಾರು ಹರಿಯಿತು. ಆಗ ಅವಳಿಗೆ ಮೂವತ್ತೊಂಬತ್ತು.

ಮರುದಿನವೇ ಅಮೀರಸಾಬನ ಮುಂದೆ ನಿಂತಳು. "ಅಣ್ಣಾ, ನನಗ ಒಂದು ಸಣ್ಣ ಹಲಗಿ ಮಾಡಿಕೊಡು. ವಾಲಿದ ಕಡೆ ತಿರುಗಬೇಕು ಅದು. ಎತ್ತು ನೊಗದಾಗ ಹೆಂಗ ಹೊಳ್ಳತಾವೋ, ಹಂಗ."

ಅಮೀರಸಾಬ ಎರಡು ದಿನ ಯೋಚಿಸಿ, ಹಲಗೆಗೂ ಗಾಲಿಯ ಅಚ್ಚಿಗೂ ನಡುವೆ ಲಾರಿ ಟಯರಿನ ರಬ್ಬರ್ ತುಂಡು ಇಟ್ಟ. ಕಾಶವ್ವ ಹತ್ತಿ ನಿಂತಳು. ಹಲಗೆ ವಾಲಿತು, ತಿರುಗಿತು. "ಯಾ ಅಲ್ಲಾ, ಬೆಹನಾ," ಎಂದ ಅಮೀರಸಾಬ. "ಇಷ್ಟು ವರ್ಷ ಗಾಡಿ ಮಾಡೇನಿ. ಸವಾರಿ ಮಾಡೋರನ್ನ ಇವತ್ತ ನೋಡಿದೆ."

ಮೂರು ವರ್ಷ, ಮಳೆಗಾಲ ಬಿಟ್ಟು ಪ್ರತಿ ಸಂಜೆ, ಕಾಶವ್ವ ಕಚ್ಚೆ ಬಿಗಿದು ಹಾಸ್ಟೆಲಿನ ಹಿಂದಿನ ಗುಡ್ಡದ ರಸ್ತೆ ಇಳಿದಳು. ಕಾಲೇಜಿನ ಹುಡುಗರು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅಮೇರಿಕದಲ್ಲಿ ಇದಕ್ಕೆ ಸ್ಕೇಟ್‌ಬೋರ್ಡ್ ಅನ್ನುತ್ತಾರೆಂದು ಒಬ್ಬ ಹೇಳಿದ. "ಅನ್ನಲಿ. ನಮ್ಮಲ್ಲಿ ಕೊರಡು ಅಂತಾರ," ಎಂದಳು. ಗಂಡ ಕಾಂತಪ್ಪ ಕಾರ್ಖಾನೆಯೊಂದರ ಕಾವಲುಗಾರ. ಹೆಂಡತಿಯ ಹುಚ್ಚಿನ ಬಗ್ಗೆ ಯಾರಾದರೂ ಕೇಳಿದರೆ, "ನನಗ ಬೀಡಿ, ಆಕಿಗೆ ಹಲಗಿ" ಎಂದು ನಗುತ್ತಿದ್ದ.

ನಗದವನು ಧರ್ಮಣ್ಣ ಒಬ್ಬನೇ. ಎಪ್ಪತ್ನಾಲ್ಕನೆಯ ಇಸವಿಯ ಯುಗಾದಿ ಕಳೆದ ವಾರ ಕಾಶವ್ವ ತಿರುವಿನಲ್ಲಿ ಬಿದ್ದು ಮೊಣಕೈ ತರಚಿಕೊಂಡಳು. ಅವನು ಹಲಗೆಯನ್ನು ಕಸಿದುಕೊಂಡ.

"ಸಾಕವ್ವಾ ಇದು. ಕಾಲು ಮುರಕೊಂಡ್ರ ಊರಾಗ ನಾ ಏನ್ ಮಾರಿ ತೋರಸ್ಲಿ? ನಿಮ್ಮಪ್ಪನ ಕೈಯಾಗ ಕೈ ಇಟ್ಟು ಕರಕೊಂಡ ಬಂದೀನಿ. ಹನುಮ ಜಯಂತಿ ದಿನ ಇದನ್ನ ಹುಗ್ಗಿ ಒಲಿಗೆ ಹಾಕತೀನಿ."

ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅದು ಕಾಶವ್ವನಿಗೂ ತಿಳಿದಿತ್ತು. ಹಾಗಾಗಿ ಜಗಳಾಡಲಿಲ್ಲ.

"ಯಣ್ಣಾ, ಹನುಮಪ್ಪಗ ವರ್ಷಾ ಗುಡ್ಡದ ಬಾವಿಯಿಂದ ಕೊಡಾ ಬರತೈತಿ. ಈ ವರ್ಷ ನಾ ತರತೀನಿ. ತಲಿ ಮ್ಯಾಲೆ ಕೊಡಾ, ಕಾಲಾಗ ಹಲಗಿ. ಒಂದು ಹನಿ ಚೆಲ್ಲಿದರ ನೀ ಒಲಿಗೆ ಹಾಕು. ಚೆಲ್ಲಲಿಲ್ಲಂದ್ರ ಇನ್ನ ಮ್ಯಾಲೆ ಯಾರೂ ಏನೂ ಅನ್ನಬಾರದು."

"ಚೆಲ್ಲಿದ್ದು ಯಾರ್ ನೋಡ್ಯಾರ?"

"ಸಿಂಬಿ ಹೇಳತೈತಿ."

ಸಿಂಬಿ ಎಂದರೆ ಕೊಡದ ಅಡಿಗೆ ತಲೆಯ ಮೇಲಿಡುವ ಬಟ್ಟೆಯ ಸುತ್ತು. ಧರ್ಮಣ್ಣ ಒಪ್ಪಿದ.

ಹನುಮ ಜಯಂತಿಯ ಬೆಳಗು. ಇಳಿಜಾರಿನ ಬುಡದಲ್ಲಿ, ಅರಳಿಮರದ ಕೆಳಗೆ, ಸಿಂಧೂರ ಬಳಿದ ಹನುಮಪ್ಪನ ಕಲ್ಲು. ಒಂದು ದೀಪ. ಅದರಾಚೆ ಹುಗ್ಗಿಯ ಒಲೆ ಬಾಯಿ ತೆರೆದು ಕುಳಿತಿತ್ತು. ಮೇಲೆ ಬಾವಿಯ ಹತ್ತಿರ ಕಾಶವ್ವನ ಗೆಳತಿ ಮಲ್ಲಕ್ಕ ಕೊಡಕ್ಕೆ ನೀರು ಸುರಿಯುತ್ತಿದ್ದಾಗ ಧರ್ಮಣ್ಣ ಕೈ ಅಡ್ಡ ಹಿಡಿದ.

"ಸಾಕ್ ಸಾಕ್, ಅರ್ಧಾನ ಇರಲಿ. ನಾನೂ ಮನಶ್ಯಾ ಇದ್ದೀನಿ. ತುಂಬಿದರ ಆಕಿ ಹೆಂಗ ತಂದಾಳು?"

ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡು ಸೆರಗು ಬಾಯಿಗಿಟ್ಟುಕೊಂಡರು. ಹುಟ್ಟಿದಂದಿನಿಂದ ಒಂದು ಕೊಡ ಹೊರದ ಗಂಡಸಿನ ಕರುಣೆ ಅದು. ಅರ್ಧ ಕೊಡದಲ್ಲಿ ನೀರಿಗೆ ಓಡಾಡಲು ಜಾಗವಿರುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಯ್ದಾಡಿ ಹೊತ್ತವಳನ್ನೇ ಕೆಡವುತ್ತದೆ. ಕಾಶವ್ವ ಮೆಲ್ಲಗೆ ಹೇಳಿದಳು.

"ದೇವರಿಗೆ ಅರಕೊಡಾ ಒಯ್ಯಬಾರದಣ್ಣಾ. ಮಲ್ಲಕ್ಕಾ, ಕಂಠಮಟ ತುಂಬು."

ಮಲ್ಲಕ್ಕ ತುಂಬಿದಳು. ನೀರಿನ ಮೇಲೆ ಐದು ವೀಳ್ಯದೆಲೆ ಹಾಸಿ, ಕಾಶವ್ವನ ಸಿಂಬಿಯ ಮೇಲೆ ಕೊಡ ಇಟ್ಟು, "ಬಿದ್ದಿ ಅಂದ್ರ ಹುಗ್ಗಿ ನಿನ್ನ ಪಾಲಿಂದೂ ನಾನ ತಿಂತೀನಿ" ಎಂದಳು.

"ತಿನ್ನಾಕ ನಿನಗ ಕಾರಣ ಬೇಕೇನ?" ಎಂದು ಕಾಶವ್ವ ಎಡಗಾಲಿನಿಂದ ನೆಲ ಒತ್ತಿದಳು.

ಗಾಲಿಗಳು ಗರಗರ ಎಂದವು. ಡಾಂಬರಿನ ಪ್ರತಿ ಹರಳೂ ಅಂಗಾಲಿಗೆ ತನ್ನ ಹೆಸರು ಹೇಳುತ್ತಿತ್ತು. ಅವಳು ಕೊಡ ಹಿಡಿಯಲಿಲ್ಲ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟಿದ್ದಳು. ರಸ್ತೆ ಇಳಿದಂತೆ ಗಾಳಿ ಎದೆಗೆ ಬಂತು. ಮೊಣಕಾಲು ತಾವಾಗಿ ಮಿದುವಾದವು, ಕುತ್ತಿಗೆ ಮಾತ್ರ ದೀಪದ ಕಂಬದಂತೆ ನೆಟ್ಟಗಿತ್ತು. ಇಕ್ಕೆಲದಲ್ಲಿ ಜನ ನಿಂತಿದ್ದರು, ತಿರುವಿನ ಹತ್ತಿರ ಕಾಂತಪ್ಪ.

ತಿರುವು ಬಂತು. ತಿರುವಿನಲ್ಲಿ ಯಾರದೋ ಎಮ್ಮೆ ರಸ್ತೆಗೆ ಅಡ್ಡ ನಿಂತು ಮೆಲುಕು ಹಾಕುತ್ತಿತ್ತು.

"ಕಾಶೀ," ಎಂದು ಕಾಂತಪ್ಪ ಕೂಗಿದ. ಬೀಡಿ ಬಾಯಿಂದ ಬಿತ್ತು.

ಎಮ್ಮೆಯನ್ನು ನೋಡಿದ್ದರೆ ಅವಳು ಎಮ್ಮೆಗೇ ಹೋಗಿ ಬಡಿಯುತ್ತಿದ್ದಳು. ಬದುವಿನ ಗಿಡಾ ನೋಡು. ಅವಳು ಎಮ್ಮೆಯ ಬೆನ್ನಿನ ಮೇಲಿಂದ ದೂರದ ದೀಪ ನೋಡಿದಳು. ಬಲ ಹಿಮ್ಮಡಿಗೆ ಒಂದಿಷ್ಟು ಭಾರ ಕೊಟ್ಟಳು. ಹಲಗೆ ವಾಲಿತು, ನೊಗದಲ್ಲಿ ಪಳಗಿದ ಎತ್ತಿನಂತೆ ಹೊಳ್ಳಿತು, ಬಾಲಕ್ಕೂ ಗಟಾರಕ್ಕೂ ನಡುವಿನ ಒಂದು ಮೊಳದ ಸಂದಿಯಲ್ಲಿ ಹಾದುಹೋಯಿತು. ಎಮ್ಮೆ ಬಾಲ ಬೀಸಿ ಅವಳ ಸೀರೆಗೊಂದು ಏಟು ಕೊಟ್ಟು ಮತ್ತೆ ಮೆಲುಕಿಗೆ ತೊಡಗಿತು.

ಬುಡದಲ್ಲಿ ರಸ್ತೆ ಸ್ವಲ್ಪ ಏರುತ್ತದೆ. ಆ ಏರಿನಲ್ಲಿ ಹಲಗೆ ನಿಧಾನವಾಯಿತು, ಅರಳಿಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತು. ಹೊಲದ ಅಂಚಿನಲ್ಲಿ ಕೊರಡಿನಿಂದ ಇಳಿಯುವಂತೆ ಕಾಶವ್ವ ಇಳಿದಳು. ಸೂರ್ಯ ಆಗಷ್ಟೇ ಹುಟ್ಟಿದ್ದ.

ಕೆಳಗೆ ಕಾದಿದ್ದ ಅಮೀರಸಾಬ ಕೊಡ ಇಳಿಸಲು ಕೈಕೊಟ್ಟ. ಮೇಲಿನಿಂದ ಓಡಿಬಂದ ಧರ್ಮಣ್ಣ ಏದುಸಿರು ಬಿಡುತ್ತ ಸಿಂಬಿ ಎತ್ತಿಕೊಂಡ. ಹಿಂಡಿದ. ಅಂಗೈಗೆ ಒತ್ತಿದ. ಕೊನೆಗೆ ಗಲ್ಲಕ್ಕೆ ಒತ್ತಿ ನೋಡಿದ.

"ಒಣಗೇ ಐತಿ," ಎಂದ.

ಆಮೇಲೆ ಬಗ್ಗಿ ಹಲಗೆ ಎತ್ತಿಕೊಂಡು ಒಲೆಯ ಕಡೆ ನಡೆದ. ಅವನು ಒಲೆ ದಾಟಿ ಹನುಮಪ್ಪನ ಮುಂದೆ ಕುಳಿತು, ಹೊಸ ಗಾಡಿಗೆ ಮಾಡುವಂತೆ ಹಲಗೆಗೆ ಸಿಂಧೂರ ಹಚ್ಚಿ, ನಾಲ್ಕು ಗಾಲಿಗೂ ಒಂದೊಂದು ಹೂ ಸಿಕ್ಕಿಸಿದ.

"ತಗೋ ತಂಗಿ. ಎಣ್ಣಿ ಹಾಕಸು ಇದಕ್ಕ. ಮಲಗಿದ ದೇವರು ಏಳಬೇಕು, ಹಂಗ ಒದರತಾವು."

ಕೊಡದ ನೀರು ಹನುಮಪ್ಪನ ತಲೆಯ ಮೇಲೆ ಬಿತ್ತು, ಒಂದು ಹನಿಯೂ ಕಡಿಮೆಯಾಗದೆ. ಹುಗ್ಗಿ ಕುದಿಯತೊಡಗಿತು. ಕಾಶವ್ವ ಕೈಮುಗಿದು, ಹಲಗೆ ಕಂಕುಳಲ್ಲಿ ಇರಿಸಿಕೊಂಡು ಮತ್ತೆ ಗುಡ್ಡ ಹತ್ತತೊಡಗಿದಳು.

"ಹುಗ್ಗಿ ಕುದಿಯಾಕತ್ತೈತಿ, ಮತ್ತ ಎಲ್ಲಿಗೆ?" ಎಂದು ಮಲ್ಲಕ್ಕ ಕರೆದಳು.

"ಆಗ ಇಳದದ್ದು ದೇವರ ಪಾಲಿಂದು," ಎಂದಳು ಕಾಶವ್ವ, ತಿರುಗದೆಯೇ. "ನಂದಿನ್ನೂ ಐತಿ."