ನಿನ್ನ ವಿರುದ್ಧ ಬಳಸುವಂತಿಲ್ಲ

ಆ ದಿನ ನ್ಯಾಯಾಲಯದ ಮುಂದಿದ್ದ ಅತಿ ಗಂಭೀರ ಪ್ರಶ್ನೆ ಫ್ಯಾನಿನದು. ಹಾಕಿದರೆ ಅದರ ಗರಗರ ಸದ್ದಿಗೆ ಸಾಕ್ಷಿಯ ಮಾತು ಕೇಳಿಸದು, ಆರಿಸಿದರೆ ವಕೀಲರು ಕರಿಕೋಟಿನೊಳಗೆ ಬೆಂದುಹೋಗುವರು. ಮೊಕದ್ದಮೆ ಶುರುವಾದ ಮೇಲೆ ಮೊದಲ ಸಲ ಎರಡೂ ಕಡೆಯವರು ಒಂದೇ ಮಾತಾಡಿದರು: ಓಡಲಿ. ನ್ಯಾಯಾಧೀಶರು ದೀರ್ಘವಾಗಿ ಆಲೋಚಿಸಿ, ಆರಿಸಿ ಎಂದರು.

ಹಾಗಾಗಿ ಕಡೆಯ ಬೆಂಚಿನ ಟೈಲರಮ್ಮನಿಗೂ ಎಲ್ಲ ಕೇಳಿಸಿತು.

ಸತ್ತವನು ಅವಳ ಗಂಡ. ಮನೆಮನೆಗೆ ನೀರಿನ ಕ್ಯಾನು ಹಾಕುತ್ತಿದ್ದವನು, ಖಾಲಿ ಕ್ಯಾನನ್ನು ಹೆಗಲಿಗೇರಿಸಿ ನಾಲ್ಕನೇ ಮಹಡಿಯ ಲಿಫ್ಟಿನ ಬಾಗಿಲೆಳೆದ. ತೆರೆಯಿತು. ಕಾಲಿಟ್ಟ. ಲಿಫ್ಟು ಅಲ್ಲಿರಲಿಲ್ಲ.

ಆ ಬಾಗಿಲ ಬೀಗ ಸವೆದಿತ್ತು. ಬೀಗ ಬೀಳದೆ ಲಿಫ್ಟು ಕದಲದು. ಆದರೆ ಬೀಗವನ್ನು ತಪ್ಪಿಸಿ ಒಂದು ತುಂಡು ತಂತಿ ಜೋಡಿಸಿದರೆ ಮೋಸಹೋಗಿ, ಬಾಗಿಲು ತೆರೆದಿದ್ದರೂ ಓಡುತ್ತದೆ. ರಿಪೇರಿಯವರು ಕೆಲಸದ ಹೊತ್ತಿಗೆ ಹಾಗೆ ಜೋಡಿಸಿ, ಮುಗಿದೊಡನೆ ಕಿತ್ತು ಜೇಬಿಗಿಳಿಸುತ್ತಾರೆ. ಇಲ್ಲಿ ಯಾರೋ ಕಿತ್ತಿರಲಿಲ್ಲ. ತಂತಿ ಗಿಂತಿ ತನಗೊಂದೂ ಗೊತ್ತಿಲ್ಲವೆಂದು ಆರೋಪಿ, ಅಂದರೆ ಕಟ್ಟಡದ ಮಾಲೀಕ, ಹೇಳಿದ್ದ.

ಈಗ ಕಟಕಟೆಯಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್ ಅವಳ ಒಡಹುಟ್ಟಿದ ತಮ್ಮ. ಭಾವ ಸತ್ತಂದಿನಿಂದ ದಿನಾ ಅಕ್ಕನ ಮನೆಯಲ್ಲೇ ಊಟ. ಅವಳ ಮನೆಯ ಇನ್ನೊಂದು ಬೀಗದಕೈ ಅವನ ಬಳಿಯೇ. "ಆ ಮಾಲೀಕನನ್ನ ಸುಮ್ನೆ ಬಿಡಬಾರದು ಅಕ್ಕಾ" ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದವನೂ ಅವನೇ.

"ತಂತಿ ಹಾಕಿದ್ದು ಯಾರು?" ಸರ್ಕಾರಿ ವಕೀಲರು ಕೇಳಿದರು.

"ಹೇಳಲ್ಲ ಸ್ವಾಮಿ. ಹೇಳಿದ್ರೆ ನನ್ನ ಕುತ್ತಿಗೆಗೇ ಬರುತ್ತೆ."

ಹೇಳೋಕೇನು ಧಾಡಿ ಇವನಿಗೆ, ಎಂದು ಟೈಲರಮ್ಮ ಹಲ್ಲು ಕಡಿದಳು.

ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡರು. "ಹೇಳಲೇಬೇಕಪ್ಪ. ಆದರೆ ಹೆದರಬೇಡ, ನಿನ್ನ ಉತ್ತರವನ್ನ ನಿನ್ನ ವಿರುದ್ಧ ಬಳಸುವಂತಿಲ್ಲ. ಸುಳ್ಳು ಹೇಳಿದರೆ ಮಾತ್ರ ಬಿಡೋದಿಲ್ಲ."

ತಮ್ಮ ಬಾಯಿಬಿಟ್ಟ. "ನಾನೇ ಹಾಕಿದ್ದು. ಬೀಗ ಬದಲಾಯಿಸ್ಬೇಕು ಅಂದೆ. ಮಾಲೀಕರು, ಆಮೇಲೆ ನೋಡೋಣ, ಲಿಫ್ಟ್ ನಿಂತ್ರೆ ಬಾಡಿಗೆಯೋರು ಬಾಯಿಗೆ ಬಂದಂಗೆ ಬೈತಾರೆ, ಹಾಗೇ ಓಡ್ಸು ಅಂದ್ರು. ಓಡ್ಸಿದೆ."

"ನಿನ್ನ ಭಾವ ಅಲ್ಲಿಗೆ ನೀರು ಹಾಕೋದು ಗೊತ್ತಿತ್ತಾ?"

"ಅಲ್ಲಿ ನೀರು ಹಾಕೋ ಕೆಲಸ ಕೊಡಿಸಿದ್ದೇ ನಾನು."

ಸರ್ಕಾರಿ ವಕೀಲರ ಮುಖ ಊರಗಲವಾಯಿತು. ಟೈಲರಮ್ಮ ಎದ್ದು ನಿಂತಳು.

"ಸ್ವಾಮಿ, ಅದನ್ನ ಇವನ ಮೇಲೆ ಹಾಕಲ್ಲ ಅಂದ್ರಲ್ಲ, ಮತ್ತೆ ಯಾರ ಮೇಲೆ ಹಾಕ್ತೀರಿ? ನನ್ನ ಮೇಲಾ?"

"ಕೂತ್ಕೊಳಮ್ಮ," ಎಂದ ಪೊಲೀಸಿನವನು.

"ಕೂತೇ ಇದ್ನಲ್ಲಪ್ಪ ಇಷ್ಟು ದಿನ, ಈ ಪುಣ್ಯಾತ್ಮನಿಗೆ ಬಿಸಿಬಿಸಿ ಅನ್ನ ಬಡಿಸ್ಕೊಂಡು!"

"ತಾಯಿ, ಅವನಿಗೆ ಕಾನೂನಿನ ರಕ್ಷಣೆ ಇದೆ," ಎಂದರು ನ್ಯಾಯಾಧೀಶರು.

"ನನ್ನ ಮನೆ ಬಾಗಿಲ ತನಕ ಬರುತ್ತಾ ಅದು?"

ಈ ಸಲ ಅವರು ಆಲೋಚಿಸಲಿಲ್ಲ. ಫ್ಯಾನು ಹಾಕಿಸಿದರು.

ಹೊರಗೆ ಮೆಟ್ಟಿಲ ಬಳಿ ತಮ್ಮ ಅಡ್ಡ ಬಂದ. "ಅಕ್ಕಾ, ನಾನು ಹೇಳ್ದೇ ಇದ್ದಿದ್ರೆ ಅವನು ತಪ್ಪಿಸ್ಕೋತಿದ್ದ."

"ಹೇಳಿ ನೀನು ತಪ್ಪಿಸ್ಕೊಂಡೆ. ದಾರಿ ಬಿಡು."

ಮಾಲೀಕನಿಗೆ ಶಿಕ್ಷೆಯಾಯಿತು. ತಮ್ಮನ ಮೇಲೆ ಯಾವ ಕೇಸೂ ಆಗಲಿಲ್ಲ. ಟೈಲರಮ್ಮ ಮನೆಯ ಬೀಗ ಬದಲಾಯಿಸಿದಳು.