ನಲ್ಲಿಗೆ ಕುಡಿಸಿದ ನೀರು

"ಕಾಲಿಗೆ ಎಂತ ಸರಪಳಿ ಕಟ್ಟಿದಾರನೇ ನಿಂಗೆ? ಬೇಗ ಹತ್ರೇ, ಮುಂಡೇವಾ! ಹಿಂಗೆ ದಿಬ್ಬಣ ಹೊಂಟಂಗೆ ಹೊಂಟ್ರೆ ಈ ಟ್ಯಾಂಕು ತುಂಬೋದು ಯಾವಾಗ, ನಿಮ್ಮ ತಿಥಿಗಾ?"

ಬೈಯುತ್ತಿದ್ದವನು ಕಂಟ್ರಾಕ್ಟರ್ ಶಿಶಿರ. ಗುಡ್ಡದ ನೆತ್ತಿಯ ಹೊಸ ಟ್ಯಾಂಕಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಮೊಬೈಲು ಉಜ್ಜುತ್ತಾ ಕೂತಿದ್ದ. ಬೈಸಿಕೊಳ್ಳುತ್ತಿದ್ದವರು ಕೆಳಕೊಡಿಗೆ ಕಾಲನಿಯ ಹೆಂಗಸರು. ಒಣಗಿದ ಹಳ್ಳದಲ್ಲಿ ತೋಡಿದ ಒರತೆಗುಂಡಿಯಿಂದ ಕೊಡ ತುಂಬಿಕೊಂಡು, ಗುಡ್ಡ ಹತ್ತಿ, ಏಣಿಯ ಮೇಲೆ ನಿಂತ ಪಂಚಾಯ್ತಿ ನೀರುಗಂಟಿ ಬೂತಪ್ಪನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ಟ್ಯಾಂಕಿಗೆ ಸುರಿದು ಖಾಲಿ ಕೊಡ ವಾಪಸು ಕೊಡುತ್ತಿದ್ದ. ಬೆಳಗ್ಗೆಯಿಂದ ಇದೇ ಆಗಿತ್ತು. ಮಾರ್ಚ್ ತಿಂಗಳ ಬಿಸಿಲಿಗೆ ಗುಡ್ಡದ ಹುಲ್ಲೂ ಸುಟ್ಟು ಕಾಲಿಗೆ ಚುಚ್ಚುತ್ತಿತ್ತು.

ಮನೆಗೆ ನೀರು ಕೊಡಬೇಕಾದ ಟ್ಯಾಂಕಿಗೆ ಮನೆಯವರೇ ನೀರು ಹೊರುವುದುಂಟೇ ಎಂದು ಯಾರಿಗಾದರೂ ಅನ್ನಿಸಬೇಕು. ಅವರಲ್ಲೊಬ್ಬಳಾದ ಕಮಲಕ್ಕನಿಗೆ ಅನ್ನಿಸಲಿಲ್ಲ. ಅಷ್ಟೇ ಅಲ್ಲ, ಉಳಿದವರನ್ನೂ ಹೊರಡಿಸಿದವಳು ಅವಳೇ. ರಘುಪತಿ ಒಡೆಯರ ಕಾಫಿ ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್ ಪೈಪು ಎತ್ತಿ ಹಾಕುವುದು ಅವಳ ಬೇಸಿಗೆಯ ಕೆಲಸ. ಪಂಪಿನ ಒಳಗೆ ಗಾಳಿ ಸೇರಿಕೊಂಡರೆ ಮೋಟರು ಎಷ್ಟು ಬಡಿದುಕೊಂಡರೂ ನೀರೆಳೆಯುವುದಿಲ್ಲ. ಮೇಲಿಂದ ಒಂದೆರಡು ಕೊಡ ಸುರಿಯಬೇಕು. ಇದಕ್ಕೆ ಅವರು ನೀರು ಕುಡಿಸುವುದು ಎನ್ನುತ್ತಾರೆ. ಶಿಶಿರ ಬಂದು, "ಹೊಸ ಪೈಪು ಮಾರಾಯ್ತಿ, ಒಳಗೆ ಬರೀ ಗಾಳಿ. ನಿಮ್ಮ ಪಂಪಿಗೆ ಕುಡಿಸೋ ಹಂಗೆ ಇದಕ್ಕೂ ಒಂದ್ಸಲ ಕುಡಿಸ್ಬೇಕು. ಆಮೇಲೆ ತಾನಾಗೇ ಎಳೀತದೆ" ಎಂದಾಗ, ದಿನಾ ಮಾಡುವ ಕೆಲಸದ ಮಾತಾದ್ದರಿಂದ ಆ ಸುಳ್ಳು ಅವಳಿಗೆ ಸುಳ್ಳಿನಂತೆ ಕೇಳಲೇ ಇಲ್ಲ.

"ನನ್ನ ಸೊಂಟ ಬಿದ್ದೋಯ್ತು ಕಮಲಕ್ಕಾ" ಎಂದಳು ಪಕ್ಕದ ಮನೆಯ ಶಾಲಿನಿ.

"ಸುಮ್ನೆ ಹೊರೇ. ನಾಳೆಯಿಂದ ಮನೆ ಬಾಗ್ಲಲ್ಲೇ ಹಿಡಿಯೋದಲ್ವಾ."

ಅವಳಿಗೆ ಈ ನೀರಿನ ಮೇಲೆ ಬೇರೆಯವರಿಗಿಂತ ಹೆಚ್ಚು ಆಸೆಯಿತ್ತು, ಹಕ್ಕೂ ಇತ್ತು. ಅಂಗಳಕ್ಕೊಂದು ನಲ್ಲಿ ನೆಡುವ ಯೋಜನೆ ಬಂದಾಗ ಪಂಚಾಯ್ತಿಯ ಪಿಡಿಒ ಸೋಮನಾಥ್ ಕಾಲನಿಗೆ ಬಂದಿದ್ದ. ಕಾಮಗಾರಿ ಸರಿಯಾಗಿದೆಯೋ ಇಲ್ಲವೋ ನೋಡಲು ಊರಿನವರದೇ ನೀರು ಸಮಿತಿ ಇರಬೇಕು, ಅದರಲ್ಲಿ ಹೆಂಗಸೂ ಇರಬೇಕು, ಕಾಲನಿಯವರೂ ಇರಬೇಕು ಎಂದು ಸರ್ಕಾರದ ನಿಯಮ. "ನಿನ್ನ ಹಾಕ್ಕಂಡ್ರೆ ಎರಡೂ ಆಗ್ತದೆ" ಎಂದು ಅವಳ ಫೋಟೊ ಹೊಡೆದುಕೊಂಡು ಹೋದ. ಹೆಸರಿಗೆ ಹಾಕಿಕೊಂಡದ್ದು ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅಂದಿನಿಂದ ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಂತಳು. ನಲ್ಲಿ ನೆಟ್ಟಿರಿ, ನೀರೆಲ್ಲಿ? ಬೋರು ಕೊರೆಸಬೇಕು ಎಂದರು. ಎಸ್ಟೇಟಿನ ಅಂಚಿನಲ್ಲಿ ಕೊರೆಸಿದರು, ನೀರೂ ಚಿಮ್ಮಿತು. ಈಗ? ಕರೆಂಟು ಬರಬೇಕು. ಕರೆಂಟೂ ಬಂತು. ಈಗ? ಮೇಲಿಂದ ಆರ್ಡರು ಬರಬೇಕು. "ಮೇಲಿಂದ ಬರೋದು ಮಳೆ ಒಂದೇ ಸಾ" ಎಂದಳು. ಸಭೆಯೆಲ್ಲ ನಕ್ಕಿತು, ಸೋಮನಾಥನೂ ನಕ್ಕು ಮುಂದಿನ ವಿಷಯಕ್ಕೆ ಹೋದ. ನಗಿಸಲು ಹೇಳಿದ್ದಲ್ಲ ಎಂದು ಅವಳು ಯಾರಿಗೆ ಹೇಳಬೇಕು? ನಲ್ಲಿಗಳ ಮೇಲೆ ಹುಂಜ ಕೂತು ಕೂಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಬರುವ ಪಂಚಾಯ್ತಿ ಟ್ಯಾಂಕರಿನ ಮುಂದೆ ಹೆಂಗಸರು ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು.

ಸಂಜೆ ಮನೆಗೆ ಬಂದಾಗ ಸೊಸೆ ಅಂಬಿಕಾ ಮಗುವಿಗೆ ಹಾಲೂಡಿಸುತ್ತಾ ಕೂತಿದ್ದಳು. ಹಸಿ ಬಾಣಂತಿ. ಹಂಡೆಗಟ್ಟಲೆ ಬಿಸಿನೀರು ಬೆನ್ನ ಮೇಲೆ ಬೀಳಬೇಕಾದ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ದಿನ ದೂಡುತ್ತಿದ್ದಳು.

"ಅತ್ತೆ, ಮೈಯೆಲ್ಲ ಹುಳಿ ನಾತ. ಇವತ್ತೂ ಇಲ್ವಾ?"

"ನಾಳೆ ಹಂಡೆ ತುಂಬ ಕಾಯ್ಸಿ ಹುಯ್ತೀನಿ ಕಣೇ, ಸಾಕು ಸಾಕು ಅನ್ಬೇಕು ನೀನು."

"ಹಂಡೆ ಗಿಂಡೆ ಅಂತ ಆಸೆ ಹುಟ್ಟಿಸ್ಬೇಡ ಅತ್ಗೆ."

ಬಾಗಿಲಲ್ಲಿ ಬೂತಪ್ಪ ನಿಂತಿದ್ದ. ಕಮಲಕ್ಕನ ತೀರಿಹೋದ ಗಂಡನ ತಮ್ಮ. ಕೂರು ಎಂದರೆ ಕೂರಲಿಲ್ಲ.

"ಆ ಬೋರಿನ ನೀರು ನಮ್ಗೆ ಬರೋದಲ್ಲ. ಅದರ ಪೈಪು ಒಡೇರ ಸ್ಪ್ರಿಂಕ್ಲರಿಗೆ ಸೇರ್ಸಿದಾರೆ, ಕಾಫಿ ಹೂವಿಗೆ ನೀರು ಹೊಡೆಯಕ್ಕೆ. ನೀನು ದಿನಾ ಎತ್ತಾಕ್ತೀಯಲ್ಲ, ಆ ಪೈಪಲ್ಲಿ ಬರೋದು ನಮ್ಮದೇ ನೀರು."

ಕಮಲಕ್ಕ ಬಾಗಿಲಿಗೇ ಬಂದಳು. "ಹಂಗಾರೆ ಇವತ್ತು ಹೊತ್ತಿದ್ದು?"

"ನಾಳೆ ಗ್ರಾಮಸಭೆ ಕಾಲನೀಲೇ ಅದೆ. ನಲ್ಲಿ ತಿರುಗ್ಸಿ ವಿಡಿಯೊ ತೆಗೀತಾರೆ. ಎಲ್ಲಾ ಮನೆಗೂ ನೀರು ಬಂತು ಅಂತ ಸಭೆ ಒಪ್ಪಿದ್ರೆ ಕೆಲ್ಸ ಮುಗೀತು ಅಂತ ಬರ್ಕಂತಾರೆ. ಆಮೇಲೆ ಯಾರ ಹತ್ರ ಕೇಳಿದ್ರೂ ಇಲ್ಲ. ನಲ್ಲಿ ಬಂದ ಊರಿಗೆ ಟ್ಯಾಂಕರ್ ಯಾಕೆ ಅಂತ ಅದನ್ನೂ ನಿಲ್ಲಿಸ್ತಾರೆ."

"ಥೂ ಬೋಳೀಮಗನೆ! ಬೆಳಗ್ಗಿಂದ ಏಣಿ ಮೇಲೆ ನಿಂತು ಕೊಡ ಇಸ್ಕಂಡ್ಯಲ್ಲ, ಬಾಯಲ್ಲಿ ಎಂತ ಇಟ್ಕಂಡಿದ್ದೆ?"

"ಕೆಲ್ಸ ಇಟ್ಕಂಡಿದ್ದೆ ಅತ್ಗೆ" ಎಂದು ಬೂತಪ್ಪ ತಲೆ ತಗ್ಗಿಸಿ ಹೊರಟುಹೋದ.

ಕಮಲಕ್ಕ ಕಾಲು ತೊಳೆಯದೆ ಹಾಗೇ ಒಡೆಯರ ಮನೆಗೆ ನಡೆದಳು. ಕೇಳಿ ನೋಡುವುದು ಅವಳ ಚಾಳಿ. ರಘುಪತಿ ಜಗಲಿಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಪಂಚಾಯ್ತಿಗೆ ಹಿಂದೆ ಅಧ್ಯಕ್ಷರಾಗಿದ್ದವರು. ಈಗ ಅಧ್ಯಕ್ಷಸ್ಥಾನ ಮೀಸಲಾಗಿ ಕೈತಪ್ಪಿದ್ದರೂ ಸೋಮನಾಥ್ ಬೆಳಗಾದರೆ ಫೋನು ಮಾಡುವುದು ಇವರಿಗೇ. ಅವಳು ಅಂಗಳದಲ್ಲಿ, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತಳು.

"ಎಂತನೇ ಕಮಲಿ?"

"ಬೋರಿನ ನೀರು ಬೆಳಗ್ಗೆ ಒಂಚೂರು ಹೊತ್ತು ಕಾಲನಿಗೆ ಬಿಡ್ಸಿ ಒಡೇರೆ. ಮನೇಲಿ ಬಾಣಂತಿ ಇದಾಳೆ."

"ಅದ್ಯಾರು ನಿಂಗೆ ಬೋರಿನ ಕಥೆ ಹೇಳಿದ್ದು?" ಕವಳವನ್ನು ಇನ್ನೊಂದು ಕೆನ್ನೆಗೆ ತಳ್ಳಿ ಅವರೇ ಮುಂದುವರಿಸಿದರು. "ನೋಡು ಮಾರಾಯ್ತಿ, ಹೂವಿಗೆ ಈಗ ನೀರು ತಪ್ಪಿದ್ರೆ ಕಾಯಿ ಕಚ್ಚೋದಿಲ್ಲ. ಕಾಯಿ ಕಚ್ಚದಿದ್ರೆ ನಿಮ್ಗೆ ಕೂಲಿ ಎಲ್ಲಿಂದ ಕೊಡ್ಲಿ? ಅಷ್ಟಕ್ಕೂ ನೀವು ಮಿಂದು ಮಡಿಯಾಗಿ ಯಾವ ಗರ್ಭಗುಡಿಗೆ ಹೋಗ್ಬೇಕಾಗಿದೆ?"

ಒಳಗಿನಿಂದ ಶಿಶಿರ ನಗುವುದು ಕೇಳಿಸಿತು. ಅವನು ಅವರ ತಮ್ಮನ ಮಗ.

"ನಾಳೆ ಸಮಿತಿ ಪರವಾಗಿ ನೀನೇ ಮಾತಾಡು. ನೆಟ್ಟಗೆ ಮಾತಾಡಿದ್ರೆ ಬೂತಪ್ಪನ ಕೆಲಸ ಖಾಯಂ ಮಾಡ್ಸೋದು ನೋಡ್ತೀನಿ. ಇಲ್ದಿದ್ರೆ," ಎಂದು ರಘುಪತಿ ಅಂಗಳಕ್ಕೆ, ಅವಳ ಕಾಲ ಹತ್ತಿರಕ್ಕೆ ಉಗುಳಿದರು, "ಅದನ್ನೂ ನೋಡ್ತೀನಿ."

ವಾಪಸು ಬರುವ ದಾರಿಯುದ್ದಕ್ಕೂ ಅವಳಿಗೆ ಒಡೆಯರಿಗಿಂತ ತನ್ನ ಮೇಲೇ ಸಿಟ್ಟು ಉಕ್ಕುತ್ತಿತ್ತು. ಎಷ್ಟು ಸಲ ಕೇಳಿದೆ! ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಉತ್ತರದಲ್ಲೇ ಬಾಯಿ ಒಣಗಿಸಿದರು. ಕಾಯಲು ಕೂರಿಸಿದ ಸಮಿತಿಯಂತೆ! ತನ್ನ ನೀರನ್ನೇ ಕದ್ದ ಪೈಪನ್ನು ಹೆಗಲ ಮೇಲೆ ಹೊತ್ತುಕೊಂಡು ಗಿಡಗಿಡಕ್ಕೂ ತಾನೇ ಕುಡಿಸುತ್ತಿದ್ದಳಲ್ಲ.

ಕಾಲನಿಗೆ ಬಂದವಳೇ ಹೆಂಗಸರನ್ನು ಕರೆದು ಎಲ್ಲ ಹೇಳಿದಳು. ಮೊದಲು ಬೈಗುಳ ಬಿದ್ದದ್ದು ಅವಳಿಗೇ.

"ನೀನೇ ಅಲ್ವನೇ ಹೊರ್ಸಿದ್ದು? ನಿನ್ನ ಸಮಿತಿಗೆ ಬೆಂಕಿ ಹಾಕ!" ಎಂದಳು ಶಾಲಿನಿ.

"ಹೌದು ಕಣೇ, ನಾನೇ ಹೊರ್ಸಿದ್ದು. ಈಗ ಇಳ್ಸಾಣ ಬಾ."

ಬೆಳಕು ಹರಿಯುವ ಹೊತ್ತಿಗೆ ಟ್ಯಾಂಕಿನ ಬುಡದಲ್ಲಿ ಬೂತಪ್ಪ ನಿಂತಿದ್ದ. ಟ್ಯಾಂಕು ತೊಳೆಯುವಾಗ ನೀರು ಬಿಡಲು ಅಲ್ಲೊಂದು ವಾಲ್ವು ಇತ್ತು, ಅದರ ಚಾವಿ ಇರುವುದು ಅವನ ಹತ್ತಿರ ಮಾತ್ರ. ಕಮಲಕ್ಕ ಕೈ ಚಾಚಿದಳು. ಅವನು ಚಾವಿ ಕೊಡಲಿಲ್ಲ, ತಾನೇ ಕೂತು ತಿರುಗಿಸಿದ. ನೀರು ಬುಸ್ಸೆಂದು ಹೊರಗೆ ಬಂತು. ನಿನ್ನೆ ಬೈಸಿಕೊಂಡು ಹತ್ತಿಸಿದ ನೀರನ್ನು ಹೆಂಗಸರು ಇಂದು ನಗುತ್ತಾ ಇಳಿಸಿದರು. ಮನೆಮನೆಯ ಒಲೆಗೂ ಬೆಂಕಿ ಬಿತ್ತು. ಅಂಬಿಕಾಳನ್ನು ಬಚ್ಚಲಲ್ಲಿ ಕೂರಿಸಿ ಕಮಲಕ್ಕ ಚೊಂಬಿನ ಮೇಲೆ ಚೊಂಬು ಹುಯ್ದಳು. "ಸಾಕು ಅತ್ತೆ, ಸುಡ್ತದೆ" ಎಂದರೂ ಬಿಡಲಿಲ್ಲ. ಮಕ್ಕಳು, ಮುದುಕರು, ಕುಡುಕರು, ಯಾರೂ ಉಳಿಯಲಿಲ್ಲ. ಇಡೀ ಕಾಲನಿ ತಲೆಗೆ ಮಿಂದಿತು.

ಅಂಗನವಾಡಿಯ ಮುಂದೆ ಸಭೆ ಕೂಡಿತು. ಕುರ್ಚಿಗಳ ಮೇಲೆ ಸೋಮನಾಥ್, ರಘುಪತಿ, ಶಿಶಿರ. ನೆಲದ ಮೇಲೆ ಕಾಲನಿ. ಬೇಲಿಯಾಚೆ ಎಸ್ಟೇಟಿನಲ್ಲಿ ಸ್ಪ್ರಿಂಕ್ಲರು ಟಕಟಕ ತಿರುಗುವುದು ಎಲ್ಲರಿಗೂ ಕೇಳಿಸುತ್ತಿತ್ತು.

"ಏನ್ರೋ, ಎಲ್ಲರ ತಲೆನೂ ಒದ್ದೆ! ಇವತ್ತೇ ಯುಗಾದಿನಾ?" ಎಂದ ಸೋಮನಾಥ್.

"ನೀರಿನ ಹಬ್ಬ ಸಾ" ಎಂದಳು ಕಮಲಕ್ಕ.

"ಭೇಷ್! ಇದನ್ನೇ ವಿಡಿಯೊದಲ್ಲೂ ಹೇಳು." ಮೊಬೈಲು ಎತ್ತಿ ಹಿಡಿದು ದನಿ ಬದಲಿಸಿದ. "ಇದೀಗ ನೀರು ಸಮಿತಿಯ ಸದಸ್ಯೆ ಶ್ರೀಮತಿ ಕಮಲಮ್ಮನವರು ನಲ್ಲಿಯನ್ನು ತಿರುಗಿಸಲಿದ್ದಾರೆ."

ಶ್ರೀಮತಿ ಕಮಲಮ್ಮನವರು ತಿರುಗಿಸಿದರು. ನಲ್ಲಿ ಗೊರಗೊರ ಎಂದಿತು, ಒಂದಿಷ್ಟು ಗಾಳಿ ಬಿಟ್ಟಿತು, ಸುಮ್ಮನಾಯಿತು.

"ನೀರೆಲ್ಲಿ?"

"ಇಲ್ಲೇ ಅದೆ ಸಾ." ಕಮಲಕ್ಕ ಬೆನ್ನ ಮೇಲಿನ ಒದ್ದೆ ಕೂದಲನ್ನು ಮುಂದಕ್ಕೆ ಎಳೆದು, ಮೊಬೈಲಿನ ಎದುರಿಗೇ ಹಿಂಡಿದಳು. ನಾಲ್ಕು ಹನಿ ಮಣ್ಣಿಗೆ ಬಿತ್ತು. "ನಿನ್ನೆ ಟ್ಯಾಂಕಿಗೆ ಹೊತ್ತಿದ್ದು ನಾವು. ಇವತ್ತು ಮಿಂದಿದ್ದೂ ನಾವು. ಬೋರಿನ ನೀರು ಇನ್ನೂ ಬಂದಿಲ್ಲ. ಸಮಿತಿ ನೋಡಿದೆ, ನೀರು ಬಂದಿಲ್ಲ ಅಂತ ಬರ್ಕಳಿ."

ಸೋಮನಾಥ್ ಬೆಂಕಿ ತಾಗಿದವನಂತೆ ಮೊಬೈಲು ಇಳಿಸಿದ. ರಘುಪತಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

"ಉಂಡ ಮನೆಗೆ ಎರಡು ಬಗೆಯೋ ಸೂಳೇಮಕ್ಳಾ! ಏ ಬೂತಾ, ವಾಲ್ವು ತೆಗೆದಿದ್ದು ನೀನಲ್ವನೋ? ನಾಳೆಯಿಂದ ಪಂಚಾಯ್ತಿ ಮೆಟ್ಲು ಹತ್ತು, ಕಾಲು ಮುರೀತೀನಿ."

ಬೂತಪ್ಪ ಹೆಗಲ ಮೇಲಿನ ಟವೆಲು ಕೊಡವಿ ಮತ್ತೆ ಹಾಕಿಕೊಂಡ.

"ಸರ್, ಇವತ್ತೇ ಅಪ್‌ಲೋಡ್ ಆಗ್ಬೇಕು" ಎಂದು ಸೋಮನಾಥ್ ಒಡೆಯರ ಕಿವಿಯ ಹತ್ತಿರ ಅಲವತ್ತುಕೊಂಡ.

"ಆಗ್ತದೆ. ನಮ್ಮನೆ ಅಂಗಳದ ನಲ್ಲೀಲಿ ತೆಗೀರಿ. ನಲ್ಲಿ ಮೇಲೆ ಜಾತಿ ಬರ್ದಿರ್ತದಾ?"

"ಆದ್ರೆ ಕಾಲನಿ ಜನ ಕಾಣ್ಬೇಕು ಸರ್."

"ಬರ್ತಾರೆ. ಬರದೆ ಎಲ್ಲಿ ಸಾಯ್ತಾರೆ? ಏಳ್ರೋ ಎಲ್ಲ! ಹೆಂಗಸ್ರು ಕೊಡ ತಗಂಡು ಬನ್ನಿ. ಬರದೆ ಇದ್ದೋರು ನಾಳೆಯಿಂದ ತೋಟದ ಕಡೆ ತಲೆ ಹಾಕಿನೂ ಮಲಗ್ಬೇಡಿ."

ಎಲ್ಲರೂ ಕಮಲಕ್ಕನ ಮುಖ ನೋಡಿದರು. ಅವಳು ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಹೋಗೋದನೇ?" ಶಾಲಿನಿಯ ದನಿಯಲ್ಲಿ ಅಳುವಿತ್ತು.

"ಕೊಡ ತಗಂಡು ಬನ್ನಿ ಅಂದಾರಲ್ಲ. ಬಾ."

ಕುರ್ಚಿಯ ಮೂವರೂ ಜೀಪು ಹತ್ತಿ ಮುಂದೆ ಹೋದರು. ಕಾಲನಿ ಎಸ್ಟೇಟಿನ ಒಳದಾರಿಯಲ್ಲಿ ಸಾಲಾಗಿ ನಡೆಯಿತು. ಕಾಫಿ ಗಿಡಗಳು ಮೈತುಂಬ ಮೊಗ್ಗು ಹೊತ್ತು ನಿಂತಿದ್ದವು, ಸ್ಪ್ರಿಂಕ್ಲರು ಅವುಗಳ ನೆತ್ತಿಗೆ ನೀರು ಎರಚುತ್ತಿತ್ತು. ದಾರಿಯ ಪಕ್ಕಕ್ಕೆ ಮಲಗಿದ್ದ ದಪ್ಪ ಪೈಪಿನ ಹತ್ತಿರ ಕಮಲಕ್ಕ ನಿಂತಳು. ಎರಡು ಪೈಪು ಸೇರುವಲ್ಲಿ ಒಂದು ಕಬ್ಬಿಣದ ಕೊಕ್ಕೆ. ನೀರು ಓಡುವಾಗ ಅದನ್ನು ಮುಟ್ಟಕೂಡದು, ಪೈಪು ಒದೆಯುತ್ತದೆ ಎಂದು ಮೇಸ್ತ್ರಿ ಅವಳಿಗೆ ಎಷ್ಟೋ ಸಲ ಹೇಳಿದ್ದ.

"ಹಿಂದೆ ಸರೀರಿ ಎಲ್ಲ" ಎಂದವಳೇ ಕಲ್ಲೊಂದನ್ನು ಎತ್ತಿ ಕೊಕ್ಕೆಯ ಮೇಲೆ ಹೊಡೆದಳು. ಒಂದೇ ಏಟಿಗೆ ಬಿಡಲಿಲ್ಲ. ಮತ್ತೆ ಹೊಡೆದಳು. ಪೈಪು ಹಾರಿ ಅವಳ ಮೊಣಕಾಲಿಗೆ ಬಡಿದು ಅತ್ತ ಬಿತ್ತು. ಸ್ಪ್ರಿಂಕ್ಲರುಗಳು ಒಂದೊಂದಾಗಿ ತಲೆ ಬಾಗಿಸಿ ನಿಂತವು. ಬೋರಿನ ನೀರೆಲ್ಲ ದಾರಿಯ ಮಧ್ಯೆ, ಅವರ ಕಾಲ ಬುಡಕ್ಕೆ, ತೊಡೆ ದಪ್ಪಕ್ಕೆ ಸುರಿಯಿತು.

ಅವಳು ಕುಂಟುತ್ತಾ ಬಂದು ಮೊದಲ ಕೊಡ ಒಡ್ಡಿದಳು. ತುಂಬಿದ್ದನ್ನು ಶಾಲಿನಿಗೆ ದಾಟಿಸಿ, ಶಾಲಿನಿಯ ಕೊಡ ಇಸಿದುಕೊಂಡಳು.

ಜೀಪು ವಾಪಸು ಓಡಿ ಬಂತು. ರಘುಪತಿ ಇಳಿಯುವ ಮೊದಲೇ ಬೈಯಲು ಶುರುಮಾಡಿದ್ದರು. ಶಿಶಿರನ ಕೈಯಲ್ಲಿ ಜಾಕಿನ ರಾಡು ಇತ್ತು. ಬೂತಪ್ಪ ಬಂದು ಪೈಪಿಗೂ ಶಿಶಿರನಿಗೂ ನಡುವೆ ನಿಂತ. ಸೋಮನಾಥ್ ಮಾತ್ರ ಜೀಪಿನಲ್ಲೇ ಮೊಬೈಲು ಹಿಡಿದು ಕೂತಿದ್ದ. ಕಮಲಕ್ಕ ಅವನ ಕಡೆಗೆ ತಿರುಗಿದಳು.

"ಎಂತ ನೋಡ್ತಾ ಕೂತಿದೀರಿ ಸಾ? ಈಗ ತೆಗೀರಿ ವಿಡಿಯೊ. ನೀರು ಬಂತು."

ಸೋಮನಾಥ್ ಮೊಬೈಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಕಮಲಕ್ಕ ಮುಂದಿನ ಕೊಡ ಒಡ್ಡಿದಳು.