ಗೇರಿನಲ್ಲಿ ಬಿಟ್ಟ ಗಾಡಿ

"ಮುಟ್ಟಬೇಡಿ! ಯಾರೂ ಕೈ ಹಾಕಬೇಡಿ ಮಾರಾಯ್ರೆ!" ಎಂದು ವಿನಯನ ಅಂಗೈಯಲ್ಲಿದ್ದ ಫೋನು ಕಿರುಚಿತು. ಸ್ಪೀಕರಿನಲ್ಲಿ ಹಾಕಿದ್ದರಿಂದ ಆ ದನಿ ತಳಮಹಡಿಯ ಕಂಬಗಳಿಗೆಲ್ಲ ಬಡಿದು ವಾಪಸು ಬಂತು.

ಇನ್ನೊಂದು ಕೈಯನ್ನು ಬಿಳಿ ಕಾರಿನ ಡಿಕ್ಕಿಯ ಮೇಲೆ ಊರಿದ್ದ ವಿನಯ್, ಕಾದ ಕಾವಲಿ ಮುಟ್ಟಿದವನ ಹಾಗೆ ಅದನ್ನು ಎಳೆದುಕೊಂಡ. "ಮುಟ್ಟಿಲ್ಲ ಸಾರ್," ಎಂದ.

ಮಹತಿ ಕಂಬಕ್ಕೆ ಒರಗಿ ನಿಂತಿದ್ದಳು. ಕಾಲ ಬಳಿ ಅವಳ ಸೂಟ್‌ಕೇಸು. ಅದನ್ನು ಕಟ್ಟಿದವಳು ಅವಳಲ್ಲ. ಕೊಚ್ಚಿಯಿಂದ ಮೈದುನ ವಿನಯನ ಹೆಂಡತಿ ಧನಶ್ರೀ ವೀಡಿಯೊ ಕಾಲಿನಲ್ಲಿ ಒಂದೊಂದಾಗಿ ಹೆಸರು ಹೇಳಿದ್ದಳು, ಇವಳು ಒಂದೊಂದಾಗಿ ಒಳಗೆ ಹಾಕಿದ್ದಳು. ಅಷ್ಟೆ.

ಜಾಗ ಮಾರುವಾಗ ಬಿಲ್ಡರು ಇದನ್ನು ಎರಡು ಮನೆಗೆ ಎರಡು ಪಾರ್ಕಿಂಗ್ ಎಂದಿದ್ದ. ಒಂದರ ಹಿಂದೆ ಒಂದು ಎಂದಿರಲಿಲ್ಲ. ಒಳಗೆ ಗೋಡೆಯ ಕಡೆ ಮಹತಿಯ ಮನೆಯ ನೀಲಿ ಕಾರು, ಅದರ ಮುಂದೆ ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯಂತೆ ಶಂಕರನಾರಾಯಣರ ಬಿಳಿ ಕಾರು. ಇಂಥ ಕಡೆ ಎಲ್ಲರೂ ಒಪ್ಪಿಕೊಂಡು ಬಂದ ಒಂದು ಶಿಸ್ತಿದೆ. ಹೊರಗಿನವನು ಹ್ಯಾಂಡ್‌ಬ್ರೇಕ್ ಹಾಕದೆ, ಗೇರ್ ಬಿಡಿಸಿ ಹೋಗಬೇಕು. ಒಳಗಿನವನು ಅದನ್ನು ನೂಕಿ, ತನ್ನದನ್ನು ತೆಗೆದು, ಮತ್ತೆ ಅದನ್ನು ಅದರ ಜಾಗಕ್ಕೆ ನೂಕಿಟ್ಟು ಹೋಗಬೇಕು. ಇದನ್ನು ಇಲ್ಲಿಯವರು ಸಹಬಾಳ್ವೆ ಎನ್ನುತ್ತಾರೆ.

ಫೋನಿನಲ್ಲಿ ಮಾತಾಡುತ್ತಿದ್ದ ಶಂಕರನಾರಾಯಣರು ಸಂಸಾರ ಸಮೇತ ಶನಿವಾರವೇ ರೈಲಿನಲ್ಲಿ ಕೊಚ್ಚಿಗೆ ಹೋಗಿದ್ದರು. ಬೀಗದ ಕೈ ಅವರ ಜೇಬಿನಲ್ಲಿ. ಇನ್ನೊಂದು ಬೀಗದ ಕೈ ಅವರ ಮನೆಯೊಳಗೆ. ಮನೆಯ ಬೀಗದ ಕೈಯೂ ಅವರ ಜೇಬಿನಲ್ಲೇ.

"ಗೇರಿನಲ್ಲಿ ಉಂಟಾ ಅಂತ ಸರಿ ನೋಡಿದ್ರಾ?" ಫೋನು ಕೇಳಿತು.

"ನೂಕಿದ್ರೆ ಒಂದಂಗುಲ ಹೋಗಿ ವಾಪಸ್ ಬರುತ್ತೆ ಸಾರ್. ಗೇರಲ್ಲೇ ಇದೆ."

ಆ ಕಡೆ ಯಾರನ್ನೋ ಗದರಿಸಿದ ಸದ್ದು. ಆಮೇಲೆ ಹುಡುಗಿಯ ದನಿ, ತಪ್ಪೊಪ್ಪಿಗೆಯ ಲವಲೇಶವಿಲ್ಲದೆ: "ಞಾನಾ ಅಪ್ಪಾ, ನಾನೇ. ಡ್ರೈವಿಂಗ್ ಸ್ಕೂಲಲ್ಲಿ ಆಲ್ವೇಸ್ ಗೇರ್ ಅಂತಾನೇ ಹೇಳಿಕೊಟ್ಟದ್ದು." ಅವರ ಮಗಳು ಸಮೀಕ್ಷಾ. ಕಳೆದ ವಾರ ಲೈಸೆನ್ಸ್ ಬಂದಿತ್ತು. ಅವಳ ತಾಯಿ ನಿರ್ಮಲ ಮನೆಮನೆಗೂ ಪೇಡ ಹಂಚಿದ್ದರು. ಮಹತಿಗೆ ಎರಡು ಕೊಟ್ಟಿದ್ದರು.

"ಸಣ್ಣ ಹುಡುಗಿ, ಗೊತ್ತಾಗ್ಲಿಲ್ಲ," ಎಂದರು ಶಂಕರನಾರಾಯಣ. "ನಾಳೆ ಬೆಳಿಗ್ಗೆ ಬರ್ತೇವಲ್ಲ. ಎಂತ ಅರ್ಜೆಂಟು?"

ಅರ್ಜೆಂಟು ಏನೆಂದು ವಿನಯ್ ಹೇಳಿದ. ಅವನು ಕೊಚ್ಚಿ ಬಂದರಿನ ವಲ್ಲಾರ್ಪಾಡಂ ಟರ್ಮಿನಲ್ಲಿನಲ್ಲಿ ಕಸ್ಟಮ್ಸ್ ಅಧಿಕಾರಿ. ನಾಳೆ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ. ಇನ್ನು ಒಂದು ತಿಂಗಳು ರಜೆಯಿಲ್ಲ. ಅಣ್ಣನ ಕಾರನ್ನು ಇವತ್ತೇ ಒಯ್ಯಬೇಕು. ಅದಕ್ಕೆಂದೇ ನಿನ್ನೆ ಹೊಸ ಬ್ಯಾಟರಿ ಹಾಕಿಸಿದ್ದಾಗಿದೆ, ಟೈರಿಗೆ ಗಾಳಿ ತುಂಬಿಸಿದ್ದಾಗಿದೆ. ಅತ್ತಿಗೆಯೂ ಜೊತೆಗೆ ಬರುತ್ತಿದ್ದಾರೆ. ಅವರ ಬ್ಯಾಂಕಿನ ಎರ್ನಾಕುಲಂ ಬ್ರಾಂಚಿನಲ್ಲಿ ಒಂದು ಜಾಗ ಖಾಲಿಯಿದೆ. ವರ್ಗಾವಣೆಯ ಅರ್ಜಿ ನಾಳೆಯೊಳಗೆ ಅಲ್ಲಿನ ವಲಯ ಕಚೇರಿಗೆ ಮುಟ್ಟಬೇಕು. ಕೊಚ್ಚಿಯ ಮನೆಯಲ್ಲಿ ಮೇಲಿನ ಕೋಣೆ ಸುಣ್ಣ ಬಳಿಸಿ ಆಗಿದೆ. ಬೇರೆಯೇ ಬಾತ್‌ರೂಮಿದೆ.

ಬೇರೆ ಬಾತ್‌ರೂಮಿನ ಮಾತನ್ನು ಅವನು ಎರಡು ಸಲ ಹೇಳಿದ. ವಿಧವೆಗೆ ಅದಕ್ಕಿಂತ ಹೆಚ್ಚಿನ ಭವಿಷ್ಯ ಯಾವುದು ಎಂದು ಮಹತಿ ಯೋಚಿಸಿದಳು.

ಅವನ ಕಂಕುಳಲ್ಲಿ ಪ್ಲಾಸ್ಟಿಕ್ ಫೋಲ್ಡರು ಇತ್ತು. ಅದರೊಳಗೆ ಎರಡು ಕಾಗದ. ಒಂದು ಕಾರನ್ನು ಅವನ ಹೆಸರಿಗೆ ಮಾಡುವ ಫಾರಂ, ಇನ್ನೊಂದು ಅವಳ ವರ್ಗಾವಣೆಯ ಅರ್ಜಿ. ಎರಡರಲ್ಲೂ ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಇಂಟೂ ಗುರುತು. ದಾರಿಯಲ್ಲಿ ಎಲ್ಲಾದರೂ ಚಹಾಕ್ಕೆ ನಿಲ್ಲಿಸಿದಾಗ ಹಾಕಿದರಾಯಿತು ಎಂದಿದ್ದ. ಎಂಟು ಅಡಿ. ಬಿಳಿ ಕಾರು ಎಂಟು ಅಡಿ ಮುಂದೆ ಸರಿದರೆ ನೀಲಿ ಕಾರು ಕಂಬದ ಪಕ್ಕದಿಂದ ಓರೆಯಾಗಿ ಹೊರಬರುತ್ತದೆ, ಸಂಜೆಗೆ ಅವಳು ಸುಣ್ಣದ ವಾಸನೆಯ ಕೋಣೆಯಲ್ಲಿ ಇರುತ್ತಾಳೆ, ಮತ್ತೆ ಅಲ್ಲೇ ಇರುತ್ತಾಳೆ. ಸರಿಯದಿದ್ದರೆ ಇಲ್ಲೇ ಇರುತ್ತಾಳೆ. ಎರಡರಲ್ಲಿ ನಿನಗೆ ಯಾವುದು ಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಕಷ್ಟವಾಗುತ್ತಿತ್ತು.

"ನೂಕಿದ್ರೆ ಏನೂ ಆಗಲ್ಲ ಅಂತ ನೀವೇ ಬೋರ್ಡ್ ಹಾಕಿದೀರಲ್ಲ ಸಾರ್," ಎಂದ ವಿನಯ್.

ಬೋರ್ಡು ಮಹತಿಯ ತಲೆಯ ಮೇಲೇ ಇತ್ತು. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಕಂಬಕ್ಕೆ ಅಂಟಿಸಿದ್ದರು. ದಯವಿಟ್ಟು ವಾಹನವನ್ನು ನ್ಯೂಟ್ರಲ್ಲಿನಲ್ಲಿ ಬಿಡಿ. ಕೈಯಿಂದ ನೂಕುವುದರಿಂದ ವಾಹನಕ್ಕೆ ಯಾವ ಹಾನಿಯೂ ಆಗುವುದಿಲ್ಲ. ಕೆಳಗೆ ಅಸೋಸಿಯೇಶನ್ನಿನ ಕಾರ್ಯದರ್ಶಿ ಶಂಕರನಾರಾಯಣರ ಸಹಿ. ತಾರೀಖು ಹತ್ತು ತಿಂಗಳ ಹಿಂದಿನದು. ಅವಳ ಗಂಡ ಶ್ರೇಯಸ್ ತೀರಿಕೊಂಡ ಹದಿನಾರನೇ ದಿನ. ಬೋರ್ಡಿನಲ್ಲಿ ಅವನ ಹೆಸರಿರಲಿಲ್ಲ. ವಾಹನದ ವಿಷಯ ಮಾತ್ರ ಇತ್ತು.

"ಅದು ನ್ಯೂಟ್ರಲಲ್ಲಿ ಇರುವ ಗಾಡಿಗೆ ಹೇಳಿದ್ದು ಮಾರಾಯ್ರೆ! ಗೇರಲ್ಲಿ ಇರುವಾಗ ನೂಕಿದ್ರೆ ಗೇರ್‌ಬಾಕ್ಸ್ ಹೋಗ್ತದೆ. ಕ್ಲಚ್ ಹೋಗ್ತದೆ. ಎಂಜಿನಿನ ಬೆಲ್ಟ್ ಉಂಟಲ್ಲ, ಅದೂ ಹೋಗ್ತದೆ."

ಎಲ್ಲ ಹೋಗುತ್ತದೆ, ಎಂದುಕೊಂಡಳು ಮಹತಿ. ಕಾಸರಗೋಡಿನವರ ಬಾಯಲ್ಲಿ ಹೋಗುವುದು ಕೂಡ ಎಷ್ಟು ಚೆನ್ನಾಗಿ ಕೇಳುತ್ತದೆ.

ಹಾಲಿನ ಪ್ಯಾಕೆಟ್ ಹಿಡಿದು ಗೇಟಿನಿಂದ ಬಂದ ವಿಕಾಸ್ ಗುಂಪು ನೋಡಿ ನಿಂತ. ಮೂರನೇ ಮಹಡಿಯವನು, ಧಾರವಾಡದ ಕಡೆಯವನು, ಬಾಹ್ಯಾಕಾಶ ಕೇಂದ್ರದಲ್ಲಿ ಶ್ರೇಯಸನ ಸೆಕ್ಷನ್ನಿನಲ್ಲೇ ಕೆಲಸ. ಸಂಗತಿ ಕೇಳಿಕೊಂಡು ನಕ್ಕ.

"ಗೇರ್‌ಬಾಕ್ಸಿಗೆ ಏನೂ ಆಗಂಗಿಲ್ರಿ. ಎಂಜಿನ್ ಒಳಗ ಗಾಳಿ ಒತ್ತಿ ಹಿಡೀತೈತಿ, ಅದಕ್ಕ ಸರಿಯವಲ್ದು. ನಾಕು ಮಂದಿ ಜೋರ್ ಹಾಕಿದ್ರ ಹೊಕ್ಕೈತಿ. ರಾಕೆಟ್ ಮ್ಯಾಲ ಕಳಸೋ ಮಂದಿ ನಾವು, ಇದೇನ್ ದೊಡ್ಡ ಮಾತ್ರಿ..."

ಅಷ್ಟು ಹೊತ್ತಿಗೆ ಎರಡು ಕಾರುಗಳ ನಡುವಿನ ಸಂದಿಯ ಮೇಲೆ ಅವನ ಕಣ್ಣು ಬಿತ್ತು. ಹಾಲಿನ ಪ್ಯಾಕೆಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ.

ಎಲ್ಲರಿಗೂ ಗೊತ್ತಿತ್ತು. ಆವತ್ತೂ ಭಾನುವಾರ. ಆವತ್ತೂ ಬಿಳಿ ಕಾರು ಗೇರಿನಲ್ಲಿತ್ತು. ಹಿಂದಿನ ದಿನ ಕೊಚ್ಚಿಯಿಂದ ದಣಿದು ಬಂದ ಶಂಕರನಾರಾಯಣರು ಮರೆತಿದ್ದರು. ವಾರದ ತರಕಾರಿಗೆಂದು ಚಾಲೈ ಮಾರ್ಕೆಟ್ಟಿಗೆ ಹೊರಟಿದ್ದ ಶ್ರೇಯಸ್ ಆ ಸಂದಿಯಲ್ಲಿ ನಿಂತು, ಡಿಕ್ಕಿಗೆ ಕೈ ಕೊಟ್ಟು ನೂಕಿದ್ದ. ಅಲ್ಲೇ ಬಿದ್ದ. ಮೂವತ್ತಾರು ವರ್ಷ. ಆಸ್ಪತ್ರೆ ಇಲ್ಲಿಂದ ಉಳ್ಳೂರ್ ಜಂಕ್ಷನ್ ದಾಟಿದರೆ ಬಂತು, ಟೆರೇಸಿನಿಂದ ಕಾಣುತ್ತದೆ. ಆದರೆ ಒಯ್ಯಬೇಕಾದ ಕಾರು ಒಳಗಿತ್ತು, ಅದಕ್ಕೆ ಅಡ್ಡವಾಗಿ ಬಿಳಿ ಕಾರಿತ್ತು. ವಾಚ್‌ಮನ್ ಸೋಮನ್ ಚೇಟ್ಟನ್ ಆಟೋ ಹುಡುಕಿಕೊಂಡು ಜಂಕ್ಷನ್ನಿಗೆ ಓಡಿದ್ದ.

ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಬೀಳುವ ಮೊದಲು ಶ್ರೇಯಸ್ ಒಮ್ಮೆ ಮೇಲೆ ಬಂದಿದ್ದ. ಬಾಗಿಲಲ್ಲಿ ನಿಂತು, "ಅವರ ಗಾಡಿ ಗೇರಲ್ಲಿದೆ ಕಣೇ. ಎಬ್ಬಿಸಿ ಕೀ ಇಸ್ಕೊಳ್ಳಲಾ?" ಎಂದಿದ್ದ. ಅವಳು ಪೇಪರಿನಿಂದ ತಲೆ ಎತ್ತಿರಲಿಲ್ಲ.

"ಭಾನುವಾರ ಆರೂವರೆಗೆ ಯಾರನ್ನ ಎಬ್ಬಿಸ್ತೀಯಾ? ನೂಕು. ಅಷ್ಟೂ ಆಗಲ್ವಾ ನಿನಗೆ?"

ಅವನು ನಕ್ಕು ಇಳಿದು ಹೋಗಿದ್ದ. ನಕ್ಕನೋ ಇಲ್ಲವೋ ಅವಳು ನೋಡಿರಲಿಲ್ಲ. ನಗುತ್ತಿದ್ದ ಮನುಷ್ಯ, ಆದ್ದರಿಂದ ನಕ್ಕಿರಬೇಕು.

"ಹಲೋ? ಲೈನಲ್ಲಿ ಇದ್ದೀರಾ?" ಎಂದರು ಶಂಕರನಾರಾಯಣ. "ಮಹತಿ ಉಂಟಾ ಅಲ್ಲಿ? ಅವರ ಹತ್ರ ಕೇಳಿ. ಅವರು ಫಿಸಿಕ್ಸ್ ಎಂಎಸ್ಸಿ ಅಲ್ವಾ, ಮೈಸೂರಲ್ಲಿ ರ‍್ಯಾಂಕ್ ಬಂದವರು. ಮಹತಿ, ನೀವೇ ಹೇಳಿಯಮ್ಮ. ಗೇರಲ್ಲಿದ್ದ ಗಾಡಿ ಕೈಯಲ್ಲಿ ನೂಕಿದ್ರೆ ಡ್ಯಾಮೇಜ್ ಆಗ್ತದಾ ಇಲ್ವಾ?"

ವಿನಯ್ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. ತಟ್ಟೆ ಹಿಡಿದು ತೀರ್ಥ ಕೇಳುವ ಭಂಗಿ. ವಿಕಾಸ್ ನೆಲ ನೋಡಿದ. ಪಕ್ಕದಲ್ಲೇ ನಿಂತಿದ್ದ ಸೋಮನ್ ಚೇಟ್ಟನ್‌ಗೆ ಕನ್ನಡ ತಿಳಿಯದು, ಆದರೆ ಅವನೂ ನೆಲವನ್ನೇ ನೋಡಿದ.

ಶಂಕರನಾರಾಯಣರಿಗೆ ಮಾತ್ರ ತಾವು ಏನು ಕೇಳಿದೆವೆಂದು ಇನ್ನೂ ಹೊಳೆದಿರಲಿಲ್ಲ.

"ಗಾಡಿಗೇನೂ ಆಗಲ್ಲ ಅಂಕಲ್," ಎಂದಳು ಮಹತಿ.

ಕೊಚ್ಚಿಯ ಆ ಮನೆಯಲ್ಲಿ ಯಾರೋ ಚಮಚೆಯಿಂದ ಲೋಟ ಕಲಕುತ್ತಿದ್ದರು. ಆ ಸದ್ದು ನಿಂತಿತು.

"ಹಾಂ..." ಎಂದರು ಶಂಕರನಾರಾಯಣ. "ಸರಿ. ನೂಕಿ ಹಾಗಾದ್ರೆ. ನೀವು ಹೇಳಿದ ಮೇಲೆ ಮುಗೀತು." ಮತ್ತೆ ಇನ್ನೇನೋ ಹೇಳಲು ಉಸಿರು ಎಳೆದುಕೊಂಡರು. ಫೋನು ಕಟ್ಟಾಯಿತು.

"ಎಷ್ಟು ಒಳ್ಳೇವ್ರು," ಎಂದ ವಿನಯ್.

ಒಳ್ಳೆಯವರು, ಸಂದೇಹವಿಲ್ಲ. ಹತ್ತು ತಿಂಗಳಿಂದ ನಿರ್ಮಲ ಪ್ರತಿ ಶುಕ್ರವಾರ ಒಂದು ಸ್ಟೀಲ್ ಡಬ್ಬಿಯಲ್ಲಿ ಅವಿಯಲೋ ಪಾಯಸವೋ ತಂದುಕೊಡುತ್ತಿದ್ದರು. ಡಬ್ಬಿ ತೊಳೆದು ವಾಪಸು ಕೊಡುವುದು ಶನಿವಾರದ ಕೆಲಸ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ದಿನ ಅವರು ಇವಳನ್ನು ಕೆಳಗೆ ಕರೆತಂದು ಬಿಳಿ ಕಾರಿನ ಡಿಕ್ಕಿ ತೋರಿಸಿದ್ದರು. ತಗಡಿನಲ್ಲಿ ಅಂಗೈಯಗಲದ ಒಂದು ತಗ್ಗು. "ಅವರು ನೂಕುವಾಗ ಆದದ್ದು. ನಾವು ರಿಪೇರಿ ಮಾಡಿಸ್ಲೇ ಇಲ್ಲ ಮಹತಿ. ಇರ‍್ಲಿ, ನೆನಪಿಗೆ," ಎಂದಿದ್ದರು. ಇವಳ ಮುಖವನ್ನೇ ನೋಡುತ್ತ ನಿಂತಿದ್ದರು. ಏನನ್ನೋ ಕಾಯುತ್ತಿದ್ದಾರೆ ಎಂದು ತಿಳಿದು ಇವಳು, "ಥ್ಯಾಂಕ್ಸ್ ಆಂಟಿ," ಎಂದಿದ್ದಳು.

ಮೂವರೂ ಸಂದಿಗೆ ಇಳಿದರು. ವಿನಯ್ ನಡುವೆ, ಆಚೆ ಈಚೆ ವಿಕಾಸ್ ಮತ್ತು ಸೋಮನ್ ಚೇಟ್ಟನ್. ಹಾಲಿನ ಪ್ಯಾಕೆಟ್ ಮಹತಿಯ ಸೂಟ್‌ಕೇಸಿನ ಮೇಲೆ ಕೂತಿತು.

"ಒಂದು, ಎರಡು, ಮೂರ್ರೀ!"

ಬಿಳಿ ಕಾರು ಒಂದಂಗುಲ ಮುಂದೆ ಹೋಗಿ, ಯೋಚಿಸಿ, ವಾಪಸು ಬಂತು.

"ಇನ್ನೊಮ್ಮೆ."

ಮತ್ತೆ ಅದೇ. ನಾಲ್ಕನೇ ಸಲಕ್ಕೆ ವಿನಯನ ಕಿವಿಗಳು ಕೆಂಪಾದವು. ಅಣ್ಣನದೇ ಕಿವಿ, ಮೇಲ್ತುದಿ ಸ್ವಲ್ಪ ಚೂಪು. ಕುತ್ತಿಗೆಯ ಬೆವರು ಅಂಗಿಯೊಳಗೆ ಇಳಿಯುವುದನ್ನು ಮಹತಿ ನೋಡಿದಳು. ಅವನ ಉಸಿರಿನ ಸದ್ದು ಬದಲಾಗುತ್ತಿತ್ತು. ಸಾಕು ಬಿಡು ಎನ್ನಬೇಕಿತ್ತು. ಬಾಯಿ ತೆರೆದಳು. ನಾಲಿಗೆಯ ಮೇಲೆ ಬಂದು ಕೂತಿದ್ದು ಬೇರೆ ಮಾತು, ಮೂರೇ ಶಬ್ದದ್ದು, ಹತ್ತು ತಿಂಗಳ ಹಿಂದಿನದು. ಬಾಯಿ ಮುಚ್ಚಿಕೊಂಡಳು.

"ಆಗವಲ್ದ್ರೀಪಾ," ಎಂದು ವಿಕಾಸ್ ಕೈ ಒರೆಸಿಕೊಂಡ. "ಇನ್ನೊಂದು ಆಳು ಬೇಕು."

"ಅತ್ತಿಗೆ," ಎಂದ ವಿನಯ್ ಏದುಸಿರಿನಲ್ಲಿ, "ನೀವೂ ಒಂದು ಕೈ ಹಾಕಿ ನೋಡೋಣ."

ತಮಾಷೆಗೆ ಹೇಳಿದನೋ ಏನೋ. ಅವಳು ಸಂದಿಗೆ ಇಳಿದಳು. ಹತ್ತು ತಿಂಗಳಲ್ಲಿ ಮೊದಲ ಸಲ. ನೆಲದಲ್ಲಿ ಏನಾದರೂ ಇರಬಹುದು ಎಂದುಕೊಂಡಿದ್ದಳು. ಇದ್ದದ್ದು ಒಂದು ಒಣಗಿದ ಎಲೆ, ಎಣ್ಣೆಯ ಕಲೆ. ಸೋಮನ್ ಚೇಟ್ಟನ್ ಸರಿದು ಜಾಗ ಕೊಟ್ಟ.

ತಗ್ಗು ಎದೆಯ ಎತ್ತರದಲ್ಲಿತ್ತು. ಅವಳು ಅದರಲ್ಲಿ ಅಂಗೈ ಇಟ್ಟಳು. ಸರಿಹೊಂದಲಿಲ್ಲ, ಸುತ್ತಲೂ ಒಂದು ಬೆರಳಿನಷ್ಟು ಜಾಗ ಉಳಿಯಿತು.

"ಒಂದು, ಎರಡು, ಮೂರು!"

ಕಾರು ಅಂಗುಲ ಹೋಗಿ ಅಂಗುಲ ಬಂತು. ಅವಳ ಅಂಗೈಯ ಕೆಳಗೆ ತಗಡು ಟಕ್ಕೆಂದು ಒಳಗೆ ಹೋಗಿ, ಕೈ ಸಡಿಲಿಸಿದೊಡನೆ ಟಕ್ಕೆಂದು ಹೊರಗೆ ಬಂತು.

"ಬಿಡಿ, ಬಿಡಿ. ನಾಳೆ ಕೀ ಬರ‍್ಲಿ," ಎಂದು ವಿನಯ್ ಹೋಗಿ ಸೂಟ್‌ಕೇಸಿನ ಮೇಲೆ ಕುಸಿದ. ಹಾಲಿನ ಪ್ಯಾಕೆಟ್ ಅವನ ಕೆಳಗೆ ಒಡೆಯಿತು. "ಅಯ್ಯೋ," ಎಂದು ಎದ್ದ. ಫೋಲ್ಡರಿನಿಂದ ಹಾಲು ಜಾಡಿಸಿದ. ವಿಕಾಸ್ ನಕ್ಕ. ಒಬ್ಬರೂ ಸಾಯದೆ ಕೆಲಸ ಮುಗಿದದ್ದಕ್ಕೆ ಎಲ್ಲರಿಗೂ ಒಳಗೊಳಗೇ ಹಗುರವಾಗಿತ್ತು.

ಮಹತಿ ಹೊರಗೆ ಬಂದಿರಲಿಲ್ಲ. ತಗಡನ್ನು ಇನ್ನೊಮ್ಮೆ ಒತ್ತಿದಳು. ಒಳಗೆ ಹೋಯಿತು. ಬಂತು.

ಆವತ್ತು ಆಸ್ಪತ್ರೆಯ ಕ್ಯಾಷುವಾಲಿಟಿಯಲ್ಲಿ ಒಬ್ಬಳು ಎಳೆಯ ಡಾಕ್ಟರು, ಕಿವಿಯಲ್ಲಿ ಪುಟ್ಟ ಜುಮಕಿ, ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ ಶ್ರೇಯಸನ ಎದೆಯನ್ನು ಒತ್ತಿದ್ದಳು. ಮಲಯಾಳದಲ್ಲಿ ಎಣಿಸುತ್ತಿದ್ದಳು. ನಿಮಿಷಕ್ಕೆ ನೂರಹತ್ತು ಎಂದು ಮಹತಿ ಗೋಡೆಯ ಗಡಿಯಾರ ನೋಡಿ ಲೆಕ್ಕ ಹಾಕಿದ್ದಳು. ಸರಿಯಾದ ವೇಗ ಎಂದು ಸಮಾಧಾನವಾಗಿತ್ತು. ಅಷ್ಟು ಓದಿದ್ದು ಅಷ್ಟಕ್ಕೆ ಒದಗಿತ್ತು.

ಅವಳು ಬಲ ಅಂಗೈಯ ಮೇಲೆ ಎಡ ಅಂಗೈ ಇಟ್ಟಳು. ಮೊಣಕೈ ನೇರ ಮಾಡಿದಳು.

"ಅತ್ತಿಗೆ?" ಎಂದ ವಿನಯ್.

ಟಕ್, ಟಕ್. ಟಕ್, ಟಕ್. ಬಿಳಿ ಕಾರಿಗೆ ಏನೂ ಆಗುತ್ತಿರಲಿಲ್ಲ. ಅದು ಕದಲುತ್ತಲೂ ಇರಲಿಲ್ಲ. ತಗ್ಗು ಮಾತ್ರ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ಕಂಬದ ಮೇಲಿನ ಬೋರ್ಡಿನ ಲ್ಯಾಮಿನೇಶನ್ನಿನಲ್ಲಿ ಟ್ಯೂಬ್‌ಲೈಟು ಹೊಳೆಯುತ್ತಿತ್ತು.

"ಮೋಳೇ, ಮದಿ," ಎಂದು ಸೋಮನ್ ಚೇಟ್ಟನ್ ಮೆಲ್ಲಗೆ ಅವಳ ಭುಜ ಮುಟ್ಟಿದ. ಸಾಕು ಮಗಳೇ ಎಂದು.

ಅವಳು ಎಣಿಕೆ ತಪ್ಪದಂತೆ ತಲೆ ಅಲ್ಲಾಡಿಸಿದಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು.